ಶಾಲೆಯ ಹೊಲಿಗೆ ಯಂತ್ರಕ್ಕೆ ಹಣ ಎಲ್ಲಿಂದ ಬರುತ್ತದೆ?

ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಗು ಒಂಬತ್ತನೇ ತರಗತಿಗೆ ಕಾಲಿಡುವ ಹೊತ್ತಿಗೆ ಪೋಷಕರ ಮುಂದೆ ಒಂದು ಪ್ರಶ್ನೆ ಬರುತ್ತದೆ. ಮೂರನೇ ಭಾಷೆಯನ್ನು ಓದಿಸುತ್ತೀರೋ, ಅದರ ಬದಲು ಎನ್‌ಎಸ್‌ಕ್ಯೂಎಫ್ ವಿಷಯವನ್ನು ಕೊಡಿಸುತ್ತೀರೋ? ಎನ್‌ಎಸ್‌ಕ್ಯೂಎಫ್ ಎಂದರೇನು ಎಂದು ಕೇಳಿದರೆ ಆಟೊಮೊಬೈಲ್, ರಿಟೇಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಅಂಡ್ ವೆಲ್‌ನೆಸ್, ಉಡುಪು ತಯಾರಿಕೆ ಎಂದು ಕೆಲವು ಹೆಸರುಗಳನ್ನು ಹೇಳುತ್ತಾರೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ಪರೀಕ್ಷೆ ಇರುವ ದಿನವೇ ಈ ಹೆಸರುಗಳೂ ಕಾಣಿಸುವುದು ಇದೇ ಕಾರಣಕ್ಕೆ.

ಪೋಷಕರು ಸಾಮಾನ್ಯವಾಗಿ ಕೇಳುವುದು ಇದರಲ್ಲಿ ಪಾಸಾಗುವುದು ಸುಲಭವೇ, ಇದಕ್ಕೆ ಬೇರೆ ಫೀಸು ಇದೆಯೇ ಎಂದು. ಇದನ್ನು ಕಲಿಸುವವರು ಮುಂದಿನ ವರ್ಷವೂ ಇರುತ್ತಾರೆಯೇ ಎಂದು ಕೇಳುವವರು ಕಡಿಮೆ. ಮಗುವಿನ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುವುದು ಈ ಕೊನೆಯ ಪ್ರಶ್ನೆಯೇ. ಅದರ ಉತ್ತರ ಶಾಲೆಯ ಮುಖ್ಯೋಪಾಧ್ಯಾಯರ ಕೈಯಲ್ಲಿಲ್ಲ. ಈ ಕಾರ್ಯಕ್ರಮಕ್ಕೆ ಹಣ ಬರುವ ಕ್ರಮದಲ್ಲಿದೆ.

ಮೊದಲು ಹೆಸರುಗಳ ಗೊಂದಲ

ಎನ್‌ಎಸ್‌ಕ್ಯೂಎಫ್ ಒಂದು ಪಠ್ಯವಿಷಯವಲ್ಲ, ಒಂದು ಅಳತೆಗೋಲು. ಕನ್ನಡದಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎನ್ನಬಹುದಾದ ಇದನ್ನು ಕೇಂದ್ರ ಸರ್ಕಾರ 2013ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ಜಾರಿಗೆ ತಂದಿತು. ಗ್ಯಾರೇಜಿನ ಸಹಾಯಕನಿಗೆ ಎಷ್ಟು ಗೊತ್ತಿರಬೇಕು, ಮೆಕ್ಯಾನಿಕ್ಕಿಗೆ ಎಷ್ಟು ಗೊತ್ತಿರಬೇಕು, ಮೇಲ್ವಿಚಾರಕನಿಗೆ ಎಷ್ಟು ಗೊತ್ತಿರಬೇಕು ಎಂಬುದನ್ನು ಹಂತಗಳಾಗಿ ವಿಂಗಡಿಸಿ, ಒಂದು ಹಂತ ದಾಟಿದವರು ಮುಂದಿನ ಹಂತಕ್ಕೆ ಹೋಗಲು ಏಣಿ ಕಟ್ಟಿಕೊಡುವುದು ಇದರ ಉದ್ದೇಶ. ಶಾಲೆಯಲ್ಲಿ ಕಲಿಸುವ ವೃತ್ತಿ ವಿಷಯಗಳು ಈ ಏಣಿಯ ಕೆಳಗಿನ ಮೆಟ್ಟಿಲುಗಳು. ಅಳತೆಗೋಲಿನ ಹೆಸರೇ ವಿಷಯದ ಹೆಸರಾಗಿ ಬಳಕೆಗೆ ಬಂದುಬಿಟ್ಟಿದೆ. ಮೀಟರ್ ಪಟ್ಟಿಯನ್ನೇ ಬಟ್ಟೆ ಎಂದು ಕರೆದಂತೆ.

ಇದನ್ನು ಐಟಿಐ ಜೊತೆಗೆ ಬೆರೆಸಬಾರದು. ಐಟಿಐ ಶಾಲೆಯಿಂದ ಹೊರಗಿನ ಸಂಸ್ಥೆ. ಅಲ್ಲಿಗೆ ಬಹುಪಾಲು ಹತ್ತನೇ ತರಗತಿಯ ಬಳಿಕ ಸೇರುತ್ತಾರೆ, ಅದನ್ನು ನೋಡಿಕೊಳ್ಳುವ ಇಲಾಖೆ ಬೇರೆ, ಅದರ ಹಣದ ಲೆಕ್ಕವೂ ಬೇರೆ. ಎಂಟರಿಂದ ಹತ್ತನೇ ತರಗತಿಯವರೆಗೆ ಇಡೀ ಶಾಲೆಯೇ ತಾಂತ್ರಿಕವಾಗಿರುವ ಕಿರಿಯ ತಾಂತ್ರಿಕ ಶಾಲೆಗಳು ಕೂಡ ರಾಜ್ಯದಲ್ಲಿವೆ. ನಾವು ಇಲ್ಲಿ ನೋಡುತ್ತಿರುವುದು ಸಾಮಾನ್ಯ ಪ್ರೌಢಶಾಲೆಯೊಳಗೆ, ಗಣಿತ ಮತ್ತು ವಿಜ್ಞಾನದ ಜೊತೆಗೆ, ಒಂದು ವಿಷಯವಾಗಿ ಬರುವ ವೃತ್ತಿ ಶಿಕ್ಷಣವನ್ನು.

ಹಿಂದಿನ ಪ್ರಯತ್ನಗಳು, ಹಿಂದಿನ ಲೆಕ್ಕ

ಶಾಲೆಯಲ್ಲಿ ಕೈಕೆಲಸ ಕಲಿಸಬೇಕೆಂಬ ಮಾತು ಹಳೆಯದು. 1937ರ ಅಕ್ಟೋಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನವು, ಒಂದು ಕಸುಬನ್ನು ಕೇಂದ್ರವಾಗಿಟ್ಟುಕೊಂಡ ಶಿಕ್ಷಣವು ಕಾಲಕ್ರಮೇಣ ಶಿಕ್ಷಕರ ಸಂಭಾವನೆಯನ್ನು ತಾನೇ ಭರಿಸುವಂತಾಗುತ್ತದೆ ಎಂಬ ನಿರೀಕ್ಷೆಯನ್ನು ನಿರ್ಣಯದಲ್ಲೇ ಬರೆದುಕೊಂಡಿತ್ತು. ಅಂದರೆ ಮಕ್ಕಳು ನೂತ ನೂಲು, ನೇಯ್ದ ಬಟ್ಟೆಯೇ ಶಾಲೆಯನ್ನು ಸಾಕಬೇಕು. ಇವತ್ತಿನ ಅನುಭವ ಇದಕ್ಕೆ ತಿರುಗುಮುರುಗಾಗಿದೆ: ಒಂದು ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚು ಬೇಡುವ ವಿಷಯವೆಂದರೆ ವೃತ್ತಿ ವಿಷಯವೇ. ಸಮಾಜ ವಿಜ್ಞಾನ ಕಲಿಸಲು ಪುಸ್ತಕ, ಕರಿಹಲಗೆ, ಒಬ್ಬ ಶಿಕ್ಷಕರು ಸಾಕು. ಆಟೊಮೊಬೈಲ್ ಕಲಿಸಲು ಬಿಚ್ಚಿ ಜೋಡಿಸಲು ಒಂದು ಎಂಜಿನ್ ಆದರೂ ಬೇಕು.

ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗ 1966ರ ತನ್ನ ವರದಿಯಲ್ಲಿ ಪ್ರೌಢ ಶಿಕ್ಷಣಕ್ಕೆ ವೃತ್ತಿಯ ದಾರಿಯೊಂದನ್ನು ಸೇರಿಸಬೇಕೆಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇ 10ರಷ್ಟು ಮಂದಿ 1990ರ ಹೊತ್ತಿಗೆ, ಶೇ 25ರಷ್ಟು ಮಂದಿ 1995ರ ಹೊತ್ತಿಗೆ ವೃತ್ತಿ ಶಿಕ್ಷಣದಲ್ಲಿರಬೇಕೆಂದು ಗುರಿ ಇಟ್ಟಿತು. ಅದಕ್ಕೆ ಹಣ ಒದಗಿಸಲು 1988ರಲ್ಲಿ ಕೇಂದ್ರದ ನೆರವಿನ ಯೋಜನೆಯೊಂದು ಆರಂಭವಾಯಿತು. 1992ರಲ್ಲಿ ನೀತಿಯನ್ನು ಪರಿಷ್ಕರಿಸಿದಾಗ ಅವೇ ಶೇಕಡಾವಾರು ಗುರಿಗಳನ್ನು ಉಳಿಸಿ ವರ್ಷಗಳನ್ನು ಮಾತ್ರ 1995 ಮತ್ತು 2000ಕ್ಕೆ ಮುಂದೂಡಲಾಯಿತು. ಗುರಿ ಎಷ್ಟು ದೂರವಿತ್ತೆಂಬುದನ್ನು ಅದೇ ಹೇಳುತ್ತದೆ.

ಕರ್ನಾಟಕದ ನಡುವಯಸ್ಸಿನ ಓದುಗರಿಗೆ ಜೆಒಸಿ ಎಂಬ ಮೂರಕ್ಷರ ನೆನಪಿರಬಹುದು. ಪಿಯುಸಿಗೆ ಬದಲಾಗಿ ಎರಡು ವರ್ಷ ಓದಬಹುದಾಗಿದ್ದ ಉದ್ಯೋಗಾಧಾರಿತ ಕೋರ್ಸ್ ಅದು. ಅಲ್ಲಿ ಕಲಿಸುತ್ತಿದ್ದವರಲ್ಲಿ ಬಹಳ ಮಂದಿ ಅರೆಕಾಲಿಕರು. ಕೋರ್ಸ್ ನಂತರ ನಿಂತುಹೋಯಿತು. ಯಂತ್ರ, ಕೊಠಡಿ ಮತ್ತು ಪಠ್ಯಕ್ರಮಗಳಿದ್ದರೂ ಕಲಿಸುವವರ ನೌಕರಿ ಗಟ್ಟಿಯಾಗಿರಲಿಲ್ಲ ಎಂಬ ಅಂಶ ಮುಂದೆಯೂ ಬರುವುದರಿಂದ ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ವಿಷಯವನ್ನು ಮತ್ತೆ ಮುಂದಕ್ಕೆ ತಂದಿತು. 19ರಿಂದ 24 ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ ಎಂಬ 12ನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದು ಉಲ್ಲೇಖಿಸುತ್ತದೆ. ಪಕ್ಕದಲ್ಲೇ ಅಮೆರಿಕದ ಶೇ 52, ಜರ್ಮನಿಯ ಶೇ 75, ದಕ್ಷಿಣ ಕೊರಿಯಾದ ಶೇ 96 ಎಂಬ ಅಂಕಿಗಳನ್ನು ಇಡುತ್ತದೆ. 2025ರ ಹೊತ್ತಿಗೆ ಶಾಲೆ ಮತ್ತು ಉನ್ನತ ಶಿಕ್ಷಣದ ಕನಿಷ್ಠ ಶೇ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂಬ ಗುರಿಯೂ ಅದರಲ್ಲಿದೆ. ಇಲ್ಲಿ ಪರಿಚಯ ಎಂಬ ಪದವನ್ನು ಗಮನಿಸಬೇಕು. ಒಂದು ದಿನ ಕುಂಬಾರನ ತಿಗರಿ ನೋಡಿಬರುವುದೂ ಪರಿಚಯವೇ, ಎರಡು ವರ್ಷ ಯಂತ್ರದ ಮುಂದೆ ಕೂತು ಅಂಗಿ ಹೊಲಿಯುವುದೂ ಪರಿಚಯವೇ. ಎರಡಕ್ಕೂ ತಗಲುವ ಹಣ ಮಾತ್ರ ಒಂದೇ ಅಲ್ಲ.

ಇಬ್ಬರು ಅಣ್ಣತಮ್ಮಂದಿರ ಬೋರ್‌ವೆಲ್

ಶಿಕ್ಷಣ ಮೊದಲು ರಾಜ್ಯಗಳ ಪಟ್ಟಿಯಲ್ಲಿತ್ತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯ ಮೂಲಕ ಅದು ಸಮವರ್ತಿ ಪಟ್ಟಿಗೆ ಬಂತು. ಅಂದರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಹಣದ ಹೊಣೆಯೂ ಹಾಗೆಯೇ ಇಬ್ಬರ ನಡುವೆ ಹಂಚಿಹೋಗಿದೆ.

ಈಗ ಶಾಲಾ ವೃತ್ತಿ ಶಿಕ್ಷಣಕ್ಕೆ ಮುಖ್ಯ ಹಣದ ಮೂಲ ಸಮಗ್ರ ಶಿಕ್ಷಣ ಎಂಬ ಯೋಜನೆ. ಸರ್ವ ಶಿಕ್ಷಣ ಅಭಿಯಾನ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣ ಎಂಬ ಮೂರು ಯೋಜನೆಗಳನ್ನು 2018ರಲ್ಲಿ ಒಂದುಗೂಡಿಸಿ ಇದನ್ನು ರೂಪಿಸಲಾಯಿತು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇದನ್ನು 2025-26ರವರೆಗೆ ಮುಂದುವರಿಸಿ, ಐದು ವರ್ಷಕ್ಕೆ ಒಟ್ಟು ಸುಮಾರು 2.94 ಲಕ್ಷ ಕೋಟಿ ರೂಪಾಯಿಗಳ ಅಂದಾಜು ಹಾಕಿತು. ಅದರಲ್ಲಿ ಕೇಂದ್ರದ ಪಾಲು ಸುಮಾರು 1.85 ಲಕ್ಷ ಕೋಟಿ. ಇದು ಒಂದನೇ ತರಗತಿಗಿಂತ ಮುಂಚಿನಿಂದ ಹನ್ನೆರಡನೇ ತರಗತಿಯವರೆಗಿನ ಎಲ್ಲ ಕೆಲಸಗಳಿಗೂ ಸೇರಿದ ಮೊತ್ತ. ವೃತ್ತಿ ಶಿಕ್ಷಣ ಅದರೊಳಗಿನ ಒಂದು ಬಾಬ್ತು ಮಾತ್ರ.

ಕರ್ನಾಟಕದಂಥ ರಾಜ್ಯಗಳಿಗೆ ಈ ಯೋಜನೆಯಲ್ಲಿ ಹಂಚಿಕೆ 60:40. ನೂರು ರೂಪಾಯಿ ಖರ್ಚಿನಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಇದು 90:10. ಪ್ರೌಢಶಾಲೆಗಳ ಹಿಂದಿನ ಯೋಜನೆಯಲ್ಲಿ ನಮಗೂ 75:25 ಇತ್ತು. 2015-16ರಿಂದ ರಾಜ್ಯದ ಪಾಲು 40ಕ್ಕೆ ಏರಿತು. 14ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ತೆರಿಗೆಗಳಲ್ಲಿ ಎಲ್ಲ ರಾಜ್ಯಗಳ ಒಟ್ಟು ಪಾಲನ್ನು ಶೇ 32ರಿಂದ ಶೇ 42ಕ್ಕೆ ಹೆಚ್ಚಿಸಿದ್ದರಿಂದ ಯೋಜನೆಗಳಲ್ಲಿ ರಾಜ್ಯಗಳು ಹೆಚ್ಚು ಹಾಕಲಿ ಎಂಬುದು ಅದರ ಹಿಂದಿನ ತರ್ಕ. ಆದರೆ 15ನೇ ಆಯೋಗದ ಸೂತ್ರದಲ್ಲಿ ಆ ಒಟ್ಟು ಪಾಲಿನೊಳಗೆ ಕರ್ನಾಟಕದ ಅಂಶ ಶೇ 4.713ರಿಂದ ಶೇ 3.647ಕ್ಕೆ ಇಳಿದಾಗ, ಯೋಜನೆಗಳಲ್ಲಿ ರಾಜ್ಯ ಹಾಕಬೇಕಾದ 40 ಮಾತ್ರ 40 ಆಗಿಯೇ ಉಳಿಯಿತು.

ಕೇಂದ್ರದ 60ರ ಒಂದು ಭಾಗ ನೀವು ಕಟ್ಟುವ ಸೆಸ್‌ನಿಂದ ಬರುತ್ತದೆ. ಆದಾಯ ತೆರಿಗೆಯ ಮೇಲೆ 2018ರಿಂದ ಶೇ 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಇದೆ. ಸೆಸ್ ಹಣವನ್ನು ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳಿಗೆ ಹಂಚಬೇಕಿಲ್ಲ. ಅದು ರಾಜ್ಯಕ್ಕೆ ಬರುವುದಿದ್ದರೆ ಇಂಥ ಯೋಜನೆಗಳ ಮೂಲಕವೇ ಬರಬೇಕು.

ಈ ಹಂಚಿಕೆಯನ್ನು ಅರ್ಥ ಮಾಡಿಕೊಳ್ಳಲು ಪಕ್ಕಪಕ್ಕದ ಹೊಲದ ಇಬ್ಬರು ಅಣ್ಣತಮ್ಮಂದಿರು ಸೇರಿ ಬೋರ್‌ವೆಲ್ ಕೊರೆಸುವುದನ್ನು ನೆನೆಯಬಹುದು. ಅಣ್ಣ ಅರವತ್ತು ಹಾಕುತ್ತೇನೆ ಎನ್ನುತ್ತಾನೆ, ಆದರೆ ತಮ್ಮ ತನ್ನ ನಲವತ್ತನ್ನು ಜೊತೆಗೆ ಹಾಕಿದರೆ ಮಾತ್ರ. ಎಲ್ಲಿ ಕೊರೆಯಬೇಕು, ಎಷ್ಟು ಅಡಿ ಹೋಗಬೇಕು ಎಂಬುದರಲ್ಲಿ ಅಣ್ಣನ ಮಾತೂ ನಡೆಯಬೇಕು. ತಮ್ಮನ ಕೈ ಆ ವರ್ಷ ಬರಿದಾಗಿದ್ದರೆ ಅಣ್ಣನ ಹಣವೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಒಂದು ಸಲದ ಹಣ, ವರ್ಷವರ್ಷದ ಹಣ

ಕೊಳವೆ ಬಾವಿ ಕೊರೆಸುವುದು ಒಂದು ಖರ್ಚು. ಮೋಟಾರು ಸುಟ್ಟಾಗ ವೈಂಡಿಂಗ್ ಮಾಡಿಸುವುದು, ಕೇಬಲ್ ಬದಲಾಯಿಸುವುದು ಇನ್ನೊಂದು. ಸರ್ಕಾರಿ ಲೆಕ್ಕದ ಭಾಷೆಯಲ್ಲಿ ಮೊದಲನೆಯದು ಅನಾವರ್ತಕ ವೆಚ್ಚ, ಎರಡನೆಯದು ಆವರ್ತಕ ವೆಚ್ಚ. ವೃತ್ತಿ ಶಿಕ್ಷಣದ ಅನುದಾನವನ್ನು ಓದುವಾಗ ಈ ಎರಡು ಪದಗಳು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಉಡುಪು ತಯಾರಿಕೆ ಕಲಿಸುವ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳೋಣ. ಹೊಲಿಗೆ ಯಂತ್ರಗಳು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇಸ್ತ್ರಿ ಪೆಟ್ಟಿಗೆ, ಕುರ್ಚಿಗಳು, ಬೀರು: ಇವು ಅನಾವರ್ತಕ. ಕೋರ್ಸ್ ಆರಂಭವಾಗುವಾಗ ಒಮ್ಮೆ ಮಂಜೂರಾಗುತ್ತವೆ. ಕಾರ್ಯಾಗಾರಕ್ಕೆ ಕೊಠಡಿ ಕಟ್ಟುವುದಿದ್ದರೆ ಅದೂ ಇದರಲ್ಲೇ ಸೇರುತ್ತದೆ. ಸೂಜಿ, ದಾರ, ಬಾಬಿನ್, ಟೈಲರ್ ಚಾಕ್, ಯಂತ್ರಕ್ಕೆ ಎಣ್ಣೆ, ಕಡಿದುಹೋದ ಬೆಲ್ಟು, ಅಭ್ಯಾಸಕ್ಕೆ ಕೋರಾ ಬಟ್ಟೆ, ಮಕ್ಕಳನ್ನು ಗಾರ್ಮೆಂಟ್ಸ್ ಕಾರ್ಖಾನೆಗೆ ಕರೆದೊಯ್ಯುವ ವೆಚ್ಚ, ವರ್ಷದ ಕೊನೆಯಲ್ಲಿ ಕೌಶಲ ಮೌಲ್ಯಮಾಪನ ಮಾಡಿ ಪ್ರಮಾಣಪತ್ರ ಕೊಡುವುದಕ್ಕೆ ತಗಲುವ ಹಣ, ಎಲ್ಲಕ್ಕಿಂತ ಮುಖ್ಯವಾಗಿ ಕಲಿಸುವವರ ಗೌರವಧನ: ಇವೆಲ್ಲ ಆವರ್ತಕ. ಪ್ರತಿ ವರ್ಷ ಹೊಸದಾಗಿ ಕೇಳಬೇಕು, ಪ್ರತಿ ವರ್ಷ ಹೊಸದಾಗಿ ಮಂಜೂರಾಗಬೇಕು.

ಕೋರಾ ಬಟ್ಟೆಯ ಲೆಕ್ಕವನ್ನೇ ಮಾಡಿ ನೋಡಿ. ತರಗತಿಯಲ್ಲಿ ನಲವತ್ತು ಮಕ್ಕಳು. ಕಾಲರ್ ಕತ್ತರಿಸುವುದನ್ನು ಕಲಿಯಲು ತಲಾ ಅರ್ಧ ಮೀಟರ್ ಕೊಟ್ಟರೆ ಒಂದು ಪಾಠಕ್ಕೆ 20 ಮೀಟರ್ ಹೋಯಿತು. ಮೊದಲ ಸಲ ಯಾರಿಗೂ ಕಾಲರ್ ಸರಿಯಾಗಿ ಬರುವುದಿಲ್ಲ; ಹೊಲಿಗೆಗೆ ಬಿಡಬೇಕಾದ ಅಂಚನ್ನು ಮರೆತು ಅಳತೆಗೆ ಸರಿಯಾಗಿ ಕತ್ತರಿಸಿಬಿಡುತ್ತಾರೆ, ಕುತ್ತಿಗೆಗೆ ಕೂರುವುದಿಲ್ಲ. ಅದು ತಪ್ಪಲ್ಲ, ಕಲಿಕೆಯೇ ಹಾಗೆ. ಆದರೆ ಎರಡನೇ ಸಲಕ್ಕೆ ಮತ್ತೆ 20 ಮೀಟರ್ ಬೇಕು. ಬಟ್ಟೆ ಇಲ್ಲದಿದ್ದರೆ ತರಬೇತುದಾರರು ದಿನಪತ್ರಿಕೆಯ ಹಾಳೆಯನ್ನು ಕತ್ತರಿಸಿ ತೋರಿಸುತ್ತಾರೆ. ಕಾಗದ ಜಗ್ಗುವುದಿಲ್ಲ, ಯಂತ್ರದ ಕೆಳಗೆ ಜಾರುವುದಿಲ್ಲ. ಆದ್ದರಿಂದ ಹೊಲಿಗೆಯಲ್ಲಿ ಕಷ್ಟವಾದದ್ದೇನಿದೆಯೋ ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಅದರಿಂದ ಕಲಿಯಲು ಸಾಧ್ಯ.

ಯಂತ್ರವನ್ನು ಉದ್ಘಾಟಿಸಬಹುದು, ಫೋಟೊ ತೆಗೆಯಬಹುದು, ದಾಸ್ತಾನು ಪುಸ್ತಕದಲ್ಲಿ ಬರೆದಿಡಬಹುದು. ದಾರಕ್ಕೆ ಆ ಯೋಗವಿಲ್ಲ. ಪರಿಕರಗಳಿರುವ ಕೊಠಡಿಗೆ ಬೀಗ ಬಿದ್ದಿರುವುದು ಎಲ್ಲಾದರೂ ಕಂಡರೆ ಅನಾವರ್ತಕ ಹಣ ಬಂದು ಆವರ್ತಕ ಹಣ ನಿಂತಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ದೆಹಲಿಯಿಂದ ಶಾಲೆಯವರೆಗೆ

ಪ್ರತಿ ವರ್ಷ ರಾಜ್ಯದ ಸಮಗ್ರ ಶಿಕ್ಷಣ ಕಚೇರಿ ವಾರ್ಷಿಕ ಕ್ರಿಯಾ ಯೋಜನೆ ಮತ್ತು ಆಯವ್ಯಯವನ್ನು ಸಿದ್ಧಪಡಿಸುತ್ತದೆ. ಎಷ್ಟು ಶಾಲೆ, ಯಾವ ಟ್ರೇಡ್ ಅಂದರೆ ವೃತ್ತಿ ವಿಷಯ, ಎಷ್ಟು ಮಕ್ಕಳು ಎಂಬ ವಿವರಗಳಿಗೆ ಆಧಾರ, ದೇಶದ ಶಾಲೆಗಳ ಮಾಹಿತಿ ಕಲೆಹಾಕುವ ಯುಡೈಸ್ ವ್ಯವಸ್ಥೆಯಲ್ಲಿ ಶಾಲೆಗಳು ತುಂಬುವ ದತ್ತಾಂಶ. ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನಾ ಅನುಮೋದನಾ ಮಂಡಳಿ ರಾಜ್ಯದ ಅಧಿಕಾರಿಗಳನ್ನು ಕೂರಿಸಿಕೊಂಡು ಇದನ್ನು ಸಾಲುಸಾಲಾಗಿ ಪರಿಶೀಲಿಸಿ, ಕೆಲವನ್ನು ಒಪ್ಪಿ, ಕೆಲವನ್ನು ಕಡಿತ ಮಾಡಿ ಮಂಜೂರು ಮಾಡುತ್ತದೆ. ಮಂಜೂರಾತಿ ಎಂದರೆ ಹಣ ಬಂತು ಎಂದಲ್ಲ, ಖರ್ಚು ಮಾಡಲು ಒಪ್ಪಿಗೆ ಸಿಕ್ಕಿತು ಎಂದಷ್ಟೇ.

ಹಣ ಬರುವುದು ಕಂತಿನಲ್ಲಿ. ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ತಂದ ನಿಯಮಗಳ ಪ್ರಕಾರ ಕೇಂದ್ರ ತನ್ನ ವರ್ಷದ ಪಾಲಿನಲ್ಲಿ ಒಂದು ಕಂತಿಗೆ ಶೇ 25ಕ್ಕಿಂತ ಹೆಚ್ಚು ಬಿಡುಗಡೆ ಮಾಡುವಂತಿಲ್ಲ. ಬಿಡುಗಡೆಯಾದದ್ದರಲ್ಲಿ, ರಾಜ್ಯದ ಪಾಲೂ ಸೇರಿ, ಕನಿಷ್ಠ ಶೇ 75 ಖರ್ಚಾದ ಮೇಲೆಯೇ ಮುಂದಿನ ಕಂತು. ಈ ವರ್ಷ ನೂರು ರೂಪಾಯಿ ಮಂಜೂರಾಗಿದೆ ಎಂದುಕೊಳ್ಳಿ. ಕೇಂದ್ರದ 60ರಲ್ಲಿ ಮೊದಲ ಕಂತು 15 ರೂಪಾಯಿ. ರಾಜ್ಯ ಇದಕ್ಕೆ 10 ಸೇರಿಸಬೇಕು. ಕೈಯಲ್ಲಿರುವುದು 25. ಇದರಲ್ಲಿ 18 ರೂಪಾಯಿ 75 ಪೈಸೆ ಖರ್ಚಾಗಿ, ಅದರ ಲೆಕ್ಕ ಗಣಕದಲ್ಲಿ ಕಂಡಾಗ ಮಾತ್ರ ಮುಂದಿನ 15ಕ್ಕೆ ದಾರಿ ತೆರೆಯುತ್ತದೆ.

ಮನೆಯಲ್ಲಿ ಅಮ್ಮ ತಿಂಗಳ ಸಾಮಾನಿನ ಹಣವನ್ನು ನಾಲ್ಕು ಸಲ ಕೊಟ್ಟು, ಹಿಂದಿನ ಚೀಟಿ ತೋರಿಸು ಎಂದು ಕೇಳುವಂತೆ ಇದು. ದುಂದು ತಪ್ಪುತ್ತದೆ, ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೊಳೆಯುವುದು ತಪ್ಪುತ್ತದೆ. ಆದರೆ ಒಂದು ಸೂಕ್ಷ್ಮವಿದೆ. ಈ ಶೇ 75ನ್ನು ಒಂದು ಶಾಲೆಗೆ ಅಥವಾ ವೃತ್ತಿ ಶಿಕ್ಷಣದ ಬಾಬ್ತಿಗೆ ಮಾತ್ರ ಪ್ರತ್ಯೇಕವಾಗಿ ಅಳೆಯುವುದಿಲ್ಲ, ಇಡೀ ರಾಜ್ಯದ ಇಡೀ ಯೋಜನೆಗೆ ಅಳೆಯುತ್ತಾರೆ. ನಿಮ್ಮೂರಿನ ಶಾಲೆ ತನ್ನ ಪಾಲನ್ನು ಪೂರ್ತಿ ಖರ್ಚು ಮಾಡಿ ದಾರವಿಲ್ಲದೆ ಕೂತಿದ್ದರೂ, ಬೇರೆ ಜಿಲ್ಲೆಯಲ್ಲಿ ಕಟ್ಟಡದ ಟೆಂಡರ್ ತಡವಾಗಿ ಹಣ ಉಳಿದಿದ್ದರೆ, ಮುಂದಿನ ಕಂತಿಗೆ ನಿಮ್ಮೂರೂ ಕಾಯಬೇಕಾಗುತ್ತದೆ.

ಹಿಂದೆ ಹಣ ಶಾಲೆಯ ಬ್ಯಾಂಕ್ ಖಾತೆಗೆ ಬಂದು ಬೀಳುತ್ತಿತ್ತು. 2021ರ ಬಳಿಕ ಪ್ರತಿ ಯೋಜನೆಗೆ ರಾಜ್ಯದಲ್ಲಿ ಒಂದೇ ಮುಖ್ಯ ಖಾತೆ. ಶಾಲೆಗೆ ಸಿಗುವುದು ಖರ್ಚಿನ ಮಿತಿ ಮಾತ್ರ. ಮನೆಯ ಹಿರಿಯರ ಖಾತೆಯ ಮೇಲೆ ಮಕ್ಕಳಿಗೆ ಒಂದು ಕಾರ್ಡ್ ಕೊಟ್ಟು, ಇಷ್ಟರವರೆಗೆ ಉಜ್ಜಬಹುದು ಎಂದಂತೆ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಹೆಚ್ಚುಕಡಿಮೆ ಆಗಲೇ. ಕೊನೆಯ ಕಂತು ಫೆಬ್ರುವರಿಯಲ್ಲಿ ಬಂದರೆ ಅಭ್ಯಾಸದ ಬಟ್ಟೆ ಕೊಳ್ಳಬಹುದು, ಆದರೆ ಅಭ್ಯಾಸ ಮಾಡಬೇಕಾದ ಮಕ್ಕಳು ಪರೀಕ್ಷೆಗೆ ಹೊರಟಿರುತ್ತಾರೆ.

ಕಲಿಸುವವರು ಯಾರ ನೌಕರರು?

ಗಣಿತ ಶಿಕ್ಷಕರ ಸಂಬಳ ರಾಜ್ಯದ ಬಜೆಟ್ಟಿನಿಂದ ಬರುತ್ತದೆ, ಹುದ್ದೆ ಕಾಯಂ. ವೃತ್ತಿ ತರಬೇತುದಾರರ ಸ್ಥಿತಿ ಹಾಗಲ್ಲ. ಅವರ ಗೌರವಧನ ಮೇಲೆ ಹೇಳಿದ ಆವರ್ತಕ ಅನುದಾನದಿಂದ ಬರುತ್ತದೆ. ಅನೇಕ ರಾಜ್ಯಗಳಲ್ಲಿ ಅವರನ್ನು ಇಲಾಖೆ ನೇರವಾಗಿ ನೇಮಿಸಿಕೊಳ್ಳದೆ, ಟೆಂಡರ್ ಮೂಲಕ ಆಯ್ಕೆಯಾದ ತರಬೇತಿ ಸಂಸ್ಥೆಗಳ ಕಡೆಯಿಂದ ತೆಗೆದುಕೊಳ್ಳುತ್ತದೆ. ಕೇಂದ್ರದ ಕಂತು, ರಾಜ್ಯದ ಪಾಲು, ಸಂಸ್ಥೆಯ ಬಿಲ್ಲು, ಹಾಜರಾತಿ ಪರಿಶೀಲನೆ, ಇಷ್ಟೂ ದಾಟಿ ಹಣ ಅವರ ಕೈ ಸೇರಬೇಕು. ಈ ಸರಪಳಿಯ ಯಾವ ಕೊಂಡಿ ನಿಧಾನವಾದರೂ ಅವರ ತಿಂಗಳು ಉದ್ದವಾಗುತ್ತದೆ.

ಇದರ ಪರಿಣಾಮ ಮಕ್ಕಳ ಮೇಲೆ ಹೇಗೆ ಆಗುತ್ತದೆ ಎಂಬುದು ಸುಲಭದ ಲೆಕ್ಕ. ಒಳ್ಳೆಯ ಆಟೊಮೊಬೈಲ್ ತರಬೇತುದಾರನಿಗೆ ಶೋರೂಮಿನಲ್ಲೂ ಕೆಲಸ ಸಿಗುತ್ತದೆ. ಗೌರವಧನ ತಡವಾಗಿ, ಗುತ್ತಿಗೆ ನವೀಕರಣವಾಗುವುದೋ ಇಲ್ಲವೋ ಎಂಬ ಅನುಮಾನವೂ ಸೇರಿದಾಗ ಹೊರಗೆ ಹೆಚ್ಚು ಬೇಡಿಕೆ ಇರುವವರೇ ಮೊದಲು ಹೊರಡುತ್ತಾರೆ. ಒಂಬತ್ತರಲ್ಲಿ ಒಬ್ಬರಿಂದ ಆರಂಭಿಸಿದ ಮಗು ಹತ್ತರಲ್ಲಿ ಇನ್ನೊಬ್ಬರಿಗಾಗಿ ಕಾಯುತ್ತದೆ. ಜೆಒಸಿಯ ಅರೆಕಾಲಿಕ ಉಪನ್ಯಾಸಕರ ಕಾಲದಿಂದ ಈ ಒಂದು ಅಂಶ ಹೆಚ್ಚು ಬದಲಾಗಿಲ್ಲ ಎಂದರೆ ತಪ್ಪಾಗಲಾರದು.

ಎಲ್ಲ ಶಾಲೆಗೂ ಯಾಕಿಲ್ಲ?

ಪ್ರತಿ ಶಾಲೆಗೂ ಕಾರ್ಯಾಗಾರ ಕಟ್ಟಿಸುವುದು ದುಬಾರಿ. ಹೀಗಾಗಿ ಸಮಗ್ರ ಶಿಕ್ಷಣದ 2021ರ ಪರಿಷ್ಕರಣೆಯಲ್ಲಿ ಎರಡು ಬದಲಾವಣೆಗಳು ಬಂದವು. ಮೊದಲನೆಯದು, ಒಂದು ಶಾಲೆಯನ್ನು ಕೇಂದ್ರವಾಗಿಟ್ಟು ಅಲ್ಲಿ ಕಾರ್ಯಾಗಾರ ಮಾಡಿ, ಸುತ್ತಲಿನ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆತರುವುದು. ಆ ಮಕ್ಕಳ ಓಡಾಟದ ವೆಚ್ಚಕ್ಕೂ ಮೌಲ್ಯಮಾಪನಕ್ಕೂ ಹಣ ಕೊಡಲು ಅವಕಾಶವಿದೆ. ಬಂಡಿಯ ಗುಂಬ ಮತ್ತು ಅರೆಕಾಲುಗಳ ಹಾಗೆ. ಎರಡನೆಯದು, ಸರ್ಕಾರಿ ಶಾಲೆಗಳಿಗೆ ಸೀಮಿತವಾಗಿದ್ದ ನೆರವನ್ನು ಅನುದಾನಿತ ಶಾಲೆಗಳಿಗೂ ವಿಸ್ತರಿಸಿ, ಟ್ರೇಡ್‌ಗಳ ಸಂಖ್ಯೆಯನ್ನು ದಾಖಲಾತಿ ಮತ್ತು ಬೇಡಿಕೆಗೆ ಜೋಡಿಸಿದ್ದು. ಮಕ್ಕಳು ಸೇರದಿದ್ದರೆ ಅನುದಾನ ಉಳಿಯುವುದು ಕಷ್ಟ. ಅನುದಾನ ಅನಿಶ್ಚಿತವಾದರೆ ಮಕ್ಕಳು ಸೇರುವುದೂ ಕಷ್ಟ.

ಕರ್ನಾಟಕದಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಎದ್ದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಎನ್‌ಎಸ್‌ಕ್ಯೂಎಫ್ ವಿಷಯಗಳು ಇಷ್ಟು ದಿನ ಕೂತದ್ದು ತೃತೀಯ ಭಾಷೆಯ ಕುರ್ಚಿಯಲ್ಲಿ. ಆ ಕುರ್ಚಿಯನ್ನೇ ತೆಗೆಯುವುದಾದರೆ ಅವುಗಳಿಗೆ ವೇಳಾಪಟ್ಟಿಯಲ್ಲಿ ಬೇರೆ ಜಾಗ ಹುಡುಕಬೇಕಾಗುತ್ತದೆ.

ಇಬ್ಬರ ನಡುವೆ ಮಾತು ಮುರಿದರೆ

ಪಕ್ಕದ ತಮಿಳುನಾಡಿನ ಉದಾಹರಣೆ ಕಣ್ಣ ಮುಂದಿದೆ. 2020ರ ಶಿಕ್ಷಣ ನೀತಿಯನ್ನು ಜಾರಿಗೆ ತರುವುದಕ್ಕೆ ಜೋಡಿಸಿದ, ಮಾದರಿ ಶಾಲೆಗಳ ಕೇಂದ್ರ ಯೋಜನೆಯಾದ ಪಿಎಂ ಶ್ರೀಯ ಒಪ್ಪಂದಕ್ಕೆ ಆ ರಾಜ್ಯ ಸಹಿ ಹಾಕಲಿಲ್ಲ. 2024-25ರ ಸಮಗ್ರ ಶಿಕ್ಷಣದ ಕೇಂದ್ರ ಪಾಲು, ರಾಜ್ಯ ಹೇಳುವಂತೆ 2,152 ಕೋಟಿ ರೂಪಾಯಿ, ಬಿಡುಗಡೆಯಾಗಲಿಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರದು ಸರಿ ಎಂಬುದು ಬೇರೆ ಚರ್ಚೆ. ಇಲ್ಲಿ ತಿಳಿಯಬೇಕಾದದ್ದು ಇಷ್ಟು: ಜಗಳ ಯಾವ ವಿಷಯಕ್ಕೇ ಇರಲಿ, ಹಣ ನಿಂತಾಗ ಒಂದೇ ಪೆಟ್ಟಿಗೆಯಲ್ಲಿರುವ ಎಲ್ಲ ಬಾಬ್ತುಗಳೂ ನಿಲ್ಲುತ್ತವೆ. ಆಗ ರಾಜ್ಯ ತನ್ನ ಸ್ವಂತ ಬೊಕ್ಕಸದಿಂದ ಯಾವುದನ್ನು ಮೊದಲು ಉಳಿಸಿಕೊಳ್ಳಬೇಕೆಂದು ಆರಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ರಾಜ್ಯದ, ಶಾಲೆಯ ಲೆಕ್ಕ ನೋಡುವುದು

ಯೋಜನಾ ಅನುಮೋದನಾ ಮಂಡಳಿಯ ಸಭಾ ನಡವಳಿಗಳು ರಾಜ್ಯವಾರು, ವರ್ಷವಾರು ಸಮಗ್ರ ಶಿಕ್ಷಣದ ಜಾಲತಾಣದಲ್ಲಿ ಸಾರ್ವಜನಿಕವಾಗಿವೆ. ಪುಟಗಳು ನೂರಾರು ಇರುವುದರಿಂದ ಹೆದರಬೇಕಿಲ್ಲ. ಅನುಬಂಧದ ಕೋಷ್ಟಕದಲ್ಲಿ ವೃತ್ತಿ ಶಿಕ್ಷಣದ ಭಾಗಕ್ಕೆ ಹೋಗಿ, ಅನಾವರ್ತಕ ಮತ್ತು ಆವರ್ತಕ ಎಂಬ ಎರಡು ಸಾಲುಗಳಲ್ಲಿ ರಾಜ್ಯ ಕೇಳಿದ್ದೆಷ್ಟು, ಮಂಜೂರಾದದ್ದೆಷ್ಟು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಅಲ್ಲಿ ರಾಜ್ಯದ ಮೊತ್ತ ಸಿಗುತ್ತದೆ, ಶಾಲೆಯದ್ದಲ್ಲ. ಶಾಲೆಯ ಮಟ್ಟದ ವಿವರ ಬೇಕಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೂರು ಸಂಗತಿಗಳನ್ನು ಕೇಳಬಹುದು: ತರಬೇತುದಾರರ ಗುತ್ತಿಗೆ ಯಾವ ತಿಂಗಳವರೆಗೆ ಇದೆ, ಈ ವರ್ಷ ಕಚ್ಚಾ ಸಾಮಗ್ರಿಗೆ ಖರ್ಚಿನ ಮಿತಿ ಬಂದಿದೆಯೇ, ಕಳೆದ ವರ್ಷ ಹತ್ತನೇ ತರಗತಿಯ ಎಷ್ಟು ಮಕ್ಕಳಿಗೆ ಕೌಶಲ ಪ್ರಮಾಣಪತ್ರ ಕೈಗೆ ಸಿಕ್ಕಿದೆ. ಈ ಮೂರನ್ನೂ ಒಂಬತ್ತನೇ ತರಗತಿಯ ಅರ್ಜಿಯಲ್ಲಿ ವಿಷಯದ ಆಯ್ಕೆಗೆ ಗುರುತು ಹಾಕುವ ಮುಂಚೆ ಕೇಳುವುದು ಅನುಕೂಲ, ಏಕೆಂದರೆ ಆಯ್ಕೆ ಮಾಡಿದ ಮಕ್ಕಳ ಸಂಖ್ಯೆ ಯುಡೈಸ್‌ಗೆ ಹೋಗಿ ಮುಂದಿನ ವರ್ಷದ ಕ್ರಿಯಾ ಯೋಜನೆ ಅದರ ಮೇಲೆಯೇ ತಯಾರಾಗುತ್ತದೆ.